ಒಂದೂರಿನ ಹಕ್ಕಿ, ಇನ್ನೊಂದೂರಿನ ಮೊಟ್ಟೆ

ಫಿಲಿಪ್ಪೀನ್ಸ್‌ನ ರಾಜಧಾನಿ ಮನಿಲಾದ ಉತ್ತರಕ್ಕೆ, ಪಂಪಾಂಗ ಪ್ರಾಂತ್ಯದಲ್ಲಿ ಕಂದಾಬ ಎಂಬ ಊರಿದೆ. ಅಲ್ಲಿನ ಜೌಗು ನೆಲಕ್ಕೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ನನ್ನ ಜತೆ ಕೆಲಸ ಮಾಡುವ ಗೆಳೆಯನ ಮನೆ ಆ ಕಡೆಯೇ. ಅವನೊಡನೆ ಹೋಗಿದ್ದಾಗ ಅವನ ಅಜ್ಜಿ ನನ್ನ ಕಡೆ ತಿರುಗಿ ಏನೋ ಹೇಳಿದರು. ನನಗೆ ತಿಳಿದದ್ದು 'ಎಬುನ್' ಎಂಬ ಒಂದೇ ಪದ. ಮನಿಲಾದಲ್ಲಿ ಕಲಿತ ತಗಾಲೊಗ್‌ನಲ್ಲಿ 'ಇಬೊನ್' ಅಂದರೆ ಹಕ್ಕಿ, ಹಾಗಾಗಿ ನಾನು ಬಾಗಿಲಾಚೆಯ ನೀರಿನತ್ತ ನೋಡಿದೆ. ಅಜ್ಜಿ ಮುಂದಿಟ್ಟದ್ದು ಒಂದು ತಟ್ಟೆ: ಕೆಂಪು ಬಣ್ಣದ ಚಿಪ್ಪಿನ, ಉಪ್ಪಿನಲ್ಲಿ ನೆನೆಸಿದ ಬಾತುಕೋಳಿ ಮೊಟ್ಟೆ, ಪಕ್ಕದಲ್ಲಿ ಹೆಚ್ಚಿದ ಟೊಮೆಟೊ.

ಪಂಪಾಂಗದವರ ಕಪಂಪಾಂಗನ್ ಭಾಷೆಯಲ್ಲಿ ಎಬುನ್ ಎಂದರೆ ಮೊಟ್ಟೆ. ಹಾಗಾದರೆ ಹಕ್ಕಿಗೆ? 'ಅಯುಪ್'. ತಗಾಲೊಗ್‌ನಲ್ಲಿ 'ಹಾಯೊಪ್' ಎಂದರೆ ಪ್ರಾಣಿ. ಕಪಂಪಾಂಗನ್ನರ ಬಾಯಲ್ಲಿ ಹಕಾರ ಉಳಿದಿಲ್ಲ. ಹಳಗನ್ನಡದ ಪಾಲ್, ಪುಲಿಗಳನ್ನು ಹಾಲು, ಹುಲಿ ಮಾಡಿಕೊಂಡ ನಾವು ಹಕಾರವನ್ನು ಗಳಿಸಿಕೊಂಡವರು. ಅವರು ಅದನ್ನು ಬಿಟ್ಟುಕೊಟ್ಟವರು. ಒಂದೇ ಬುಡದ ಮಾತು ಒಂದು ಕಡೆ ಪ್ರಾಣಿಯಾಗಿ, ಇನ್ನೊಂದು ಕಡೆ ಹಕ್ಕಿಯಾಗಿ ನಿಂತಿದೆ.

ದಕ್ಷಿಣದ ಸೆಬು ದ್ವೀಪಕ್ಕೆ ಹೋದರೆ ಹಕ್ಕಿ 'ಲಂಗ್ಗಾಮ್'. ಅದೇ ಲಂಗ್ಗಾಮ್ ತಗಾಲೊಗ್‌ನಲ್ಲಿ ಇರುವೆ! ಸೆಬುವಿನ ಮಗು ಮನೆಯಲ್ಲಿ ಹಾರುವುದನ್ನು ಲಂಗ್ಗಾಮ್ ಎಂದು ಕರೆದು, ಶಾಲೆಯಲ್ಲಿ ತಗಾಲೊಗ್ ಆಧಾರದ ರಾಷ್ಟ್ರಭಾಷೆ ಫಿಲಿಪಿನೊ ಪಾಠದಲ್ಲಿ ಹರಿದಾಡುವುದಕ್ಕೆ ಅದೇ ಹೆಸರು ಕಲಿಯಬೇಕು. ಆಗ ಮನೆಯ ಅರ್ಥವನ್ನೇ ತಪ್ಪು ಎನ್ನುವವರಿದ್ದಾರಲ್ಲ, ನನ್ನ ತಕರಾರು ಅವರೊಂದಿಗೆ.

170ಕ್ಕೂ ಹೆಚ್ಚು ಭಾಷೆಗಳ ನಾಡಿಗೆ ಎಲ್ಲರಿಗೂ ತಿಳಿಯುವ ಒಂದು ನುಡಿ ಬೇಕು, ಒಪ್ಪುತ್ತೇನೆ. ಅಧ್ಯಕ್ಷ ಮ್ಯಾನುಯೆಲ್ ಕ್ವೆಜಾನ್ 1937ರಲ್ಲಿ ತಗಾಲೊಗ್ ಆಧಾರದ ರಾಷ್ಟ್ರಭಾಷೆಯನ್ನು ಘೋಷಿಸಿದರು. ಆದರೆ ಕೋಟಿಗೂ ಮೀರಿದ ಜನರ ನುಡಿಯಾದ, ಸೆಬುವಿನ ಸೆಬುವಾನೊವನ್ನು ಇವತ್ತಿಗೂ ಮನಿಲಾದಲ್ಲಿ ಹಲವರು 'ದಿಯಾಲೆಕ್ತೊ', ಅಂದರೆ ಉಪಭಾಷೆ, ಎಂದೇ ಕರೆಯುತ್ತಾರೆ. ಕೇಳಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ. ಮೂರನೇ ತರಗತಿವರೆಗೆ ತಾಯ್ನುಡಿಯಲ್ಲಿ ಕಲಿಸುವ ಪದ್ಧತಿ 2012ರಲ್ಲಿ ದೇಶದ ಶಾಲೆಗಳಿಗೆ ಬಂದಿತ್ತು. 2024ರ ಅಕ್ಟೋಬರ್‌ನ ಕಾಯ್ದೆ ಆ ಕಡ್ಡಾಯವನ್ನು ತೆಗೆದುಹಾಕಿತು. ಅದು ಸರಿಯಾದ ಹೆಜ್ಜೆಯಲ್ಲ ಎಂದೇ ನನ್ನ ಅನಿಸಿಕೆ.

ನಾನು ಕೋಲಾರದ ಕಡೆಯವನು. ನಮ್ಮಲ್ಲಿ 'ಅವಸರ' ಎಂದರೆ ಆತುರ. ಪಕ್ಕದ ಮನೆಯ ತೆಲುಗಿನಲ್ಲಿ ಅದು ಅಗತ್ಯ. ಹಿಂದಿಗೆ ಹೋದರೆ ಅವಕಾಶ. ಸಂತೆಯಲ್ಲಿ ತರಕಾರಿ ಮಾರುವ ಅಕ್ಕ, ಎದುರಿನವರು "ಅವಸರಂ ಲೇದು" ಎಂದರೆ "ಬೇಡ ಅಂತೀರಾ, ಸರಿ ಬಿಡಿ ಅಣ್ಣಾ" ಎಂದು ಚೀಲ ಕೆಳಗಿಡುತ್ತಿದ್ದಳು. ಕನ್ನಡದವರು "ಅವಸರ ಇಲ್ಲಮ್ಮ" ಎಂದರೆ ನಿಧಾನವಾಗಿ ಆರಿಸಿ ತೂಗುತ್ತಿದ್ದಳು. ಯಾವ ಅರ್ಥ ಸರಿ ಎಂಬ ಮಾತೇ ಅಲ್ಲಿ ಏಳುತ್ತಿರಲಿಲ್ಲ.

ಕಂದಾಬದ ಅಜ್ಜಿಗೂ ಎರಡೂ ಭಾಷೆ ಬರುತ್ತಿತ್ತು. ನಾನು ತಬ್ಬಿಬ್ಬಾದದ್ದನ್ನು ಕಂಡು ತಟ್ಟೆಯತ್ತ ಬೆರಳು ಮಾಡಿ "ಎಬುನ್" ಎಂದರು, ಆಮೇಲೆ ನೀರಿನ ಮೇಲೆ ಇಳಿಯುತ್ತಿದ್ದ ಹಿಂಡಿನತ್ತ ಕೈ ಚಾಚಿ "ಅಯುಪ್" ಎಂದರು. ಇನ್ನೊಮ್ಮೆ ಹೇಳಿಸಿಕೊಂಡು, ಮೊಟ್ಟೆ ಸುಲಿದೆ.