ಗದ್ದಲಕ್ಕೆ ವಯಸ್ಸಾಗುತ್ತದಾ?

ಹಾರ್ಡ್‌ಕೋರ್ ಪಂಕ್ ಹಾಡಿನ ದೊಡ್ಡ ಗುಣವೆಂದರೆ ಅದು ಬೇಗ ಮುಗಿಯುತ್ತದೆ. ರಾಕ್ ಸಂಗೀತದ ವೇಗದ, ಗದ್ದಲದ ಬಗೆ ಇದು. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ ಬಹಳ ಹೆಸರಾದ ಹಾಡೊಂದರ ಉದ್ದ ಬರೀ 46 ಸೆಕೆಂಡ್. ಮುಂಬಯಿಯ ಲೋಕಲ್ ರೈಲು ದಾದರ್ ಬಿಟ್ಟು ಮಾಟುಂಗಾ ಮುಟ್ಟುವಷ್ಟರಲ್ಲಿ ಅಂಥ ಮೂರು ಹಾಡು ಕೇಳಬಹುದು. ಇಷ್ಟವಾಗದಿದ್ದರೂ ನಷ್ಟ ಕಡಿಮೆ. ನಮ್ಮ ಸಂಘದ ವಾರ್ಷಿಕೋತ್ಸವದ ಸ್ವಾಗತ ಭಾಷಣದ ಬಗ್ಗೆ ಹೀಗೆ ಹೇಳುವಂತಿಲ್ಲ.

ಈ ಸಂಗೀತದ ಮೇಲೆ ಒಂದು ಹಳೇ ದೂರಿದೆ. ನಲವತ್ತು ವರ್ಷದಿಂದ ನಿಂತಲ್ಲೇ ನಿಂತಿದೆಯಂತೆ. ಅದೇ ಓಡುವ ಡ್ರಮ್, ಗಿಟಾರಿನ ಅದೇ ನಾಲ್ಕು ಕಾರ್ಡ್, ಅದೇ ಕಿರುಚಾಟ. ಹೀಗೆ ಹೇಳುವವರು ಹೆಚ್ಚಾಗಿ ನನ್ನ ವಯಸ್ಸಿನವರು. ಡೊಂಬಿವಲಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಧೋಬಿ ತಲಾವ್‌ನ ರಂಗಭವನ ಬಯಲು ರಂಗಮಂದಿರದಲ್ಲಿ 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತೋತ್ಸವ ಶುರುವಾಯಿತಲ್ಲ, ಕಾಲೇಜು ತಪ್ಪಿಸಿ ಅಲ್ಲಿಗೆ ಹೋಗುತ್ತಿದ್ದವನು. ಈಗ ಬ್ಯಾಂಕಿನಲ್ಲಿ ಮ್ಯಾನೇಜರು, ಬೆಳಿಗ್ಗೆ ಬಿಪಿ ಮಾತ್ರೆ. ‘ಈಗಿನ ಹುಡುಗರು ಹೊಸತು ಏನೂ ಮಾಡುವುದಿಲ್ಲ ಮಾರಾಯ’ ಅನ್ನುತ್ತಾನೆ. ಹೇಳುವಾಗ ಅವನ ಫೋನಿನಲ್ಲಿ ಓಡುತ್ತಿರುವುದು ಕಾಲೇಜು ದಿನಗಳಲ್ಲಿ ಕ್ಯಾಸೆಟ್ಟಿನಲ್ಲಿ ಕೇಳಿದ್ದೇ.

ದೂರು ಪೂರ್ತಿ ಸುಳ್ಳಲ್ಲ. ಆದರೆ ಯಾರಾದರೂ ಬದಲಾಗಲು ಹೊರಟಾಗ ಏನಾಯಿತು ನೋಡಿ. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಈ ಸಂಗೀತವನ್ನು ಕಟ್ಟಿ ನಿಲ್ಲಿಸಿದ ತಂಡಗಳಲ್ಲೊಂದು. 1984ರಲ್ಲಿ ಅವರು ಒಂದು ರೆಕಾರ್ಡಿನ ಎರಡನೇ ಬದಿಯಲ್ಲಿ ಮೂರೇ ಹಾಡು ಹಾಕಿದರು. ಒಂದೊಂದೂ ಆರು ನಿಮಿಷಕ್ಕಿಂತ ಜಾಸ್ತಿ, ಎಲ್ಲವೂ ನಿಧಾನ. ತಂಡದವರು ಕೂದಲನ್ನೂ ಉದ್ದ ಬಿಟ್ಟಿದ್ದರು. ಹಳೇ ಅಭಿಮಾನಿಗಳಿಗೆ ಸಿಟ್ಟೋ ಸಿಟ್ಟು. ಆದರೆ ಮುಂದೆ ಅದೇ ಬದಿಯಿಂದ ಪಾಠ ಕಲಿತು ಮೆಲ್ವಿನ್ಸ್‌ನಂಥ ತಂಡಗಳು ಬೇರೆಯದೇ ದಾರಿ ಹಿಡಿದವು.

ನನಗೆ ಕಾಣುವುದು ಇಷ್ಟು. ಹಾರ್ಡ್‌ಕೋರ್ ಬೆಳೆಯಲಿಲ್ಲ ಅಂತಲ್ಲ. ಬೆಳೆದದ್ದೆಲ್ಲ ಬೇರೆ ಹೆಸರಿಟ್ಟುಕೊಂಡು ಹೊರಗೆ ಹೋಯಿತು. 1985ರ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್ ತಂಡದವರು ಸಿಟ್ಟಿನ ಜೊತೆ ಅಳುವನ್ನೂ ಸೇರಿಸಿದರು. ಅದು ಎಮೋ ಆಯಿತು. ಇಂಗ್ಲೆಂಡಿನ ನೇಪಾಮ್ ಡೆತ್ ಇನ್ನೂ ಜೋರಾಗಿ ಓಡಿತು. ಅದು ಗ್ರೈಂಡ್‌ಕೋರ್. ಮೆಟಲ್ ಬೆರೆಸಿದವರದ್ದು ಮೆಟಲ್‌ಕೋರ್. ಇಷ್ಟೂ ಜನ ಹೋದ ಮೇಲೆ ಉಳಿದದ್ದನ್ನು ತೋರಿಸಿ ‘ನೋಡಿ, ಏನೂ ಬದಲಾಗಿಲ್ಲ’ ಅಂದರೆ ಹೇಗೆ? ನಾವು ಮುಂಬಯಿಗೆ ಬಂದವರು ಮೇ ರಜೆಯಲ್ಲಿ ಊರಿಗೆ ಹೋಗಿ, ಮನೆ ಇನ್ನೂ ಹಾಗೇ ಇದೆ ಅಂತ ಮೂಗು ಮುರಿಯುತ್ತೇವಲ್ಲ, ಹಾಗೆ. ಅಟ್ಟಕ್ಕೆ ಹೊಸ ಹಲಗೆ ಹಾಕಿಸಿದರೆ ಅದಕ್ಕೂ ಮೂಗು ಮುರಿಯುತ್ತೇವೆ, ಆ ಮಾತು ಬೇರೆ.

ಹಾಗೇ ಉಳಿದದ್ದರಲ್ಲಿ ತಮಾಷೆಯೂ ಇದೆ. ಆ 46 ಸೆಕೆಂಡಿನ ಹಾಡು ಕಿರುಚಿ ಹೇಳುವುದೇನು? ನನಗೆ ನಶೆಯ ಹಂಗು ಬೇಡ ಅಂತ. ನಮ್ಮ ಅಜ್ಜ ಹೇಳುತ್ತಿದ್ದದ್ದೂ ಅದನ್ನೇ, ಡ್ರಮ್ ಮಾತ್ರ ಇರಲಿಲ್ಲ. ಆ ಹಾಡಿನ ಹೆಸರೇ ‘ಸ್ಟ್ರೈಟ್ ಎಡ್ಜ್’. ಅದನ್ನು ಹಿಡಿದು ಒಂದು ಪಂಥವೇ ಬೆಳೆಯಿತು. ನ್ಯೂಯಾರ್ಕಿನ ಕೆಲವರು ಇನ್ನೂ ಮುಂದೆ ಹೋಗಿ ಹರೇ ಕೃಷ್ಣ ಭಕ್ತರಾದರು, ಕೃಷ್ಣಕೋರ್ ಎಂಬ ಶಾಖೆ ಹುಟ್ಟಿತು. ಮೈತುಂಬ ಹಚ್ಚೆ, ಕೊರಳಲ್ಲಿ ತುಳಸಿ ಮಾಲೆ. ಜುಹುವಿನ ಇಸ್ಕಾನಿಗೆ ಹೋದಾಗಲೆಲ್ಲ ನನಗೆ ಇವರ ನೆನಪಾಗಿ ಸುಮ್ನೆ ನಗು ಬರುತ್ತದೆ.

ನಮ್ಮ ಮುಂಬಯಿಯಲ್ಲೂ ಸ್ಕ್ರೈಬ್ ತಂಡದವರು ಹಾರ್ಡ್‌ಕೋರಿಗೆ ಮೆಟಲ್ ಸೇರಿಸಿ, ಆಲ್ಬಮ್ಮಿನ ಹೆಸರಿಗೆ ‘ಮಿಸ್ಟರ್ ಇಂಡಿಯಾ’ ಸಿನಿಮಾದ ಖಳನಾಯಕ ಮೊಗ್ಯಾಂಬೊನನ್ನು ಎಳೆದು ತಂದರು. ಅಮೆರಿಕದವರಿಗೆ ಅದು ಹೊಳೆಯುತ್ತಿತ್ತಾ?

ಇನ್ನು ನನ್ನ ಅಕ್ಕನ ಮಗ. ಥಾಣೆಯವನು, ಇಂಜಿನಿಯರಿಂಗ್ ಓದುತ್ತಿದ್ದಾನೆ, ಗೆಳೆಯರ ಜೊತೆ ಒಂದು ತಂಡ ಕಟ್ಟಿದ್ದಾನೆ. ಅವನಿಗೆ ನನ್ನ ಗೆಳೆಯನ ದೂರು ಮುಟ್ಟಿಸಿದೆ.

‘ಮಾವ, ಅವರು ಮೂವತ್ತು ವರ್ಷದಿಂದ ಕೇಳ್ತಿದ್ದಾರೆ. ನಾನು ಹೋದ ವರ್ಷದಿಂದ. ನನಗೆ ಹೇಗೆ ಹಳೇದಾಗುತ್ತೆ?’ ಅಂದ.

‘ಆದರೂ ಸ್ವಲ್ಪ ದೊಡ್ಡ ಹಾಡು ಮಾಡಬಹುದಲ್ವಾ?’

‘ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಮಾವ. ಸಣ್ಣ ಹಾಡಾದರೆ ಜಾಸ್ತಿ ಸಲ ಬಾರಿಸಬಹುದು.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಲಿಯಲು ಕಷ್ಟವಿಲ್ಲ, ಸಾಮಾನು ಕಡಿಮೆ, ರಾಗ ತಪ್ಪಿದರೂ ಬೈಯುವವರಿಲ್ಲ. ಇದು ಕಷ್ಟದ ವಿದ್ಯೆಯಾಗಿ ಬೆಳೆದಿದ್ದರೆ ನಾಲ್ಕು ತಿಂಗಳ ಹಿಂದೆ ಗಿಟಾರ್ ಹಿಡಿದ ಹುಡುಗನಿಗೆ ಒಳಗೆ ಜಾಗವೇ ಸಿಗುತ್ತಿರಲಿಲ್ಲ. ಜೊತೆಗೆ ರಾತ್ರಿ 10ರ ಮೇಲೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ ಅನ್ನುವ ಕಾನೂನು ಬೇರೆ ಇದೆ. ರಂಗಭವನದ ಸದ್ದು ಅಡಗಿದ್ದೂ ಸೈಲೆನ್ಸ್ ಜೋನ್ ನಿಯಮದಿಂದಲೇ. ಇವರಿಗೆ ಆ ಚಿಂತೆಯಿಲ್ಲ. ಏಳಕ್ಕೆ ಶುರುಮಾಡಿದರೆ ಏಳೂವರೆಗೆ ಇಡೀ ಕಚೇರಿ ಮುಗಿದು, ಎಂಟೂಕಾಲಿನ ಲೋಕಲ್ಲೂ ಸಿಗುತ್ತದೆ.

ಬರುವ ಭಾನುವಾರ ಕುರ್ಲಾದಲ್ಲಿ ಅವರ ಅಭ್ಯಾಸವಿದೆ. ಡೊಂಬಿವಲಿಯ ಗೆಳೆಯನಿಗೂ ಫೋನ್ ಮಾಡಿ ಬಾ ಅಂದೆ. ಯಾವ ಹಾಡು, ಯಾವ ತಂಡ ಅಂತ ಅವನು ಕೇಳಲಿಲ್ಲ.

‘ಕೂತುಕೊಳ್ಳಲು ಕುರ್ಚಿ ಉಂಟಾ?’ ಅಂದ.