ಹುಡುಗ ಸಣ್ಣ ಆಯ್ತು

ಶಿವಮೊಗ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನೆಹರೂ ಕ್ರೀಡಾಂಗಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಕ್ರೀಡಾಕೂಟ, ಆಯ್ಕೆ ಅಂತ ಏನಾದರೂ ಇದ್ದ ದಿನ ನಾನು ಶಟರ್ ಎತ್ತುವ ಮೊದಲೇ ಹುಡುಗರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದೃಢೀಕರಣ. ಎಲ್ಲ ಎರಡೆರಡು ಪ್ರತಿ. ಕಾಗದವನ್ನು ಗಾಜಿನ ಮೇಲೆ ಇಡುವಾಗ ನನ್ನ ಕಣ್ಣು ಮೊದಲು ಹೋಗುವುದು ಹುಟ್ಟಿದ ತಾರೀಕಿಗೆ. ಅದೊಂದು ಚಟ ಆಗಿಬಿಟ್ಟಿದೆ. ಫುಟ್‌ಬಾಲ್ ಬಗ್ಗೆ ಬರೆಯಲು ನನಗಿರುವ ಯೋಗ್ಯತೆ ಇಷ್ಟೇ. ಶಾಲೆಯಲ್ಲಿ ನಾನು ಗೋಲ್‌ಕೀಪರ್, ಅದೂ ಓಡಲು ಸೋಮಾರಿತನ ಅಂತ.

ಈಗ ಬರೆಯುತ್ತಿರುವುದಕ್ಕೆ ಕಾರಣ 2025ರ ನವೆಂಬರ್ 30ರ ಮ್ಯಾಚು. ಅಹಮದಾಬಾದಿನಲ್ಲಿ ನಮ್ಮ 17ರ ಒಳಗಿನ ಹುಡುಗರು ಇರಾನನ್ನು 2-1ರಿಂದ ಸೋಲಿಸಿದರು. ಏಷ್ಯಾ ಕಪ್‌ಗೆ ಹೋಗಲು ಇರಾನಿಗೆ ಡ್ರಾ ಆದರೂ ಸಾಕಿತ್ತು. ಮೊದಲು ಗೋಲು ಹೊಡೆದದ್ದೂ ಅವರೇ. ವಿರಾಮಕ್ಕೆ ಮುಂಚೆ ಪೆನಾಲ್ಟಿಯಲ್ಲಿ ದಲ್ಲಾಲ್‌ಮುವಾನ್ ಗಾಂಗ್ಟೆ ಸಮ ಮಾಡಿದ. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಗುನ್ಲೇಬಾ ಎರಡನೆಯದನ್ನು ಹೊಡೆದ. ಅಲ್ಲಿಂದ ಕೊನೆಯವರೆಗೆ ತಡೆದು ನಿಂತರು. 2026ರ ಹುಡುಗರ ಏಷ್ಯಾ ಕಪ್‌ಗೆ ಟಿಕೆಟ್ ಸಿಕ್ಕಿತು. ಅದರ ಹನ್ನೆರಡು ದಿನ ಮುಂಚೆ, ನವೆಂಬರ್ 18ರಂದು, ನಮ್ಮ ದೊಡ್ಡವರ ತಂಡ ಢಾಕಾದಲ್ಲಿ ಬಾಂಗ್ಲಾದೇಶದ ಮುಂದೆ 0-1ರಿಂದ ಸೋತು ಬಂದಿತ್ತು. 2027ರ ದೊಡ್ಡವರ ಏಷ್ಯಾ ಕಪ್‌ನಿಂದ ಅದಕ್ಕೂ ಮೊದಲೇ ಹೊರಬಿದ್ದಾಗಿತ್ತು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ರಾತ್ರಿ ಒಬ್ಬ ಹಾಕಿದ: "ಎಂತ ಮಾರಾಯ, ಇರಾನ್ ಸೋಲ್ಸಿದ್ರಂತೆ! ಇನ್ನು ದೊಡ್ಡೋರ್ ಟೀಮು ಬೇಡ, ಇವ್ರನ್ನೇ ಕಳ್ಸಿ." ನಗು ಬಂತು. ಆಮೇಲೆ ಯೋಚಿಸಿದರೆ ನಗುವ ಮಾತಲ್ಲ ಅನಿಸಿತು. ಹುಡುಗರು ಇರಾನನ್ನು ಸೋಲಿಸುತ್ತಾರೆ, ದೊಡ್ಡವರು ಬಾಂಗ್ಲಾದೇಶಕ್ಕೆ ಸೋಲುತ್ತಾರೆ. ಹಾಗಾದರೆ ನಡುವೆ ಏನಾಗುತ್ತದೆ?

ನನಗೆ 2017ರ ಅಕ್ಟೋಬರ್ 9 ನೆನಪಾಗುತ್ತದೆ. ಸೋಮವಾರ. ತೀರ್ಥಹಳ್ಳಿ ಹತ್ತಿರ ಅಕ್ಕನ ಮನೆಯಲ್ಲಿದ್ದೆ. ಮೊದಲ ಕೊಯ್ಲಿನ ಅಡಿಕೆ ಜಗಲಿಯಲ್ಲಿ ರಾಶಿ ಬಿದ್ದಿತ್ತು. ಏಳೆಂಟು ಜನ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಭಾವ ಟಿವಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದರು. ಎಂಟು ಗಂಟೆಗೆ ದೆಹಲಿಯಲ್ಲಿ ಭಾರತ ಮತ್ತು ಕೊಲಂಬಿಯಾ. 17ರ ಒಳಗಿನ ವಿಶ್ವಕಪ್, ನಮ್ಮ ದೇಶದಲ್ಲೇ. ಭಾರತದ ಯಾವ ಫುಟ್‌ಬಾಲ್ ತಂಡವೂ ಅದಕ್ಕೂ ಮೊದಲು ಫಿಫಾ ವಿಶ್ವಕಪ್‌ನಲ್ಲಿ ಆಡಿರಲಿಲ್ಲ. ಮೊದಲ ಮ್ಯಾಚಿನಲ್ಲಿ ಅಮೆರಿಕದ ಮುಂದೆ 0-3.

ಅಕ್ಕನ ಮಗನಿಗೆ ಆಗ ಹನ್ನೊಂದು. ಸುಲಿಯಲು ಕೂರಿಸಿದ್ದರೂ ಅವನ ಕೈ ಅಡಿಕೆ ಮೇಲೆ ಇರಲಿಲ್ಲ. ಕೊಲಂಬಿಯಾ ಒಂದು ಗೋಲು ಮುಂದಿತ್ತು. 82ನೇ ನಿಮಿಷಕ್ಕೆ ನಮಗೆ ಕಾರ್ನರ್. ಒದ್ದವನು ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಚೆಂಡು ಬಂದು ಬಿದ್ದಲ್ಲಿ ಮಣಿಪುರದ ಜೀಕ್ಸನ್ ಸಿಂಗ್ ಎದ್ದು ತಲೆ ಕೊಟ್ಟ. ಗೋಲು! ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ಜಗಲಿಯಲ್ಲಿ ಯಾರೂ ಕೂತಿರಲಿಲ್ಲ. ಅಕ್ಕನ ಅತ್ತೆ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ "ಎಂತಾಯ್ತು, ಎಂತಾಯ್ತು" ಅಂತ ಕೇಳುತ್ತಿದ್ದರು. ಅವರು ಆ ಕವಳ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ, ಮರು ನಿಮಿಷದಲ್ಲೇ, ಕೊಲಂಬಿಯಾ ಎರಡನೆಯ ಗೋಲು ಹೊಡೆದಿತ್ತು. 1-2. ಮುಂದಿನ ಮ್ಯಾಚಿನಲ್ಲಿ ಘಾನಾ ಮುಂದೆ 0-4. ಅಲ್ಲಿಗೆ ನಮ್ಮ ವಿಶ್ವಕಪ್ ಮುಗಿಯಿತು.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಒಬ್ಬರು ಅಂದರು, "ಅಷ್ಟು ಖರ್ಚು ಮಾಡಿ ಸೋಲಕ್ಕೆ ಹೋಗ್ಬೇಕಿತ್ತಾ?" ದೆಹಲಿಯಲ್ಲೇ ಇದ್ದ ಮ್ಯಾಚಿಗೆ 'ಹೋಗುವುದು' ಎಲ್ಲಿಂದ ಬಂತೋ, ಇರಲಿ. ನನ್ನ ತಕರಾರು ಆ ಪ್ರಶ್ನೆಯ ಜೊತೆ. ಹದಿನೇಳರ ಹುಡುಗ ಗೆದ್ದನಾ ಸೋತನಾ ಅನ್ನುವುದು ತಪ್ಪು ಪ್ರಶ್ನೆ. ಅವನು ಇಪ್ಪತ್ತೆರಡಕ್ಕೆ ಎಲ್ಲಿದ್ದಾನೆ ಅಂತ ಕೇಳಬೇಕು.

ಈ ವಯಸ್ಸಿನ ವಿಶ್ವಕಪ್ ಪಟ್ಟಿ ತೆಗೆದು ನೋಡಿ. ನೈಜೀರಿಯಾ ಐದು ಸಲ ಗೆದ್ದಿದೆ: 1985, 1993, 2007, 2013, 2015. ಅದೇ ನೈಜೀರಿಯಾ ದೊಡ್ಡವರ ವಿಶ್ವಕಪ್‌ನಲ್ಲಿ ಹದಿನಾರರ ಸುತ್ತು ದಾಟಿಲ್ಲ. ಅರ್ಜೆಂಟೀನಾ ಹುಡುಗರ ಕಪ್ಪನ್ನು ಒಮ್ಮೆಯೂ ಗೆದ್ದಿಲ್ಲ. ಜರ್ಮನಿ ಮೊದಲ ಸಲ ಗೆದ್ದದ್ದು 2023ರಲ್ಲಿ. ಅಷ್ಟರಲ್ಲಿ ಅವರ ದೊಡ್ಡವರು ನಾಲ್ಕು ವಿಶ್ವಕಪ್ ಮನೆಗೆ ಒಯ್ದಾಗಿತ್ತು.

ಇನ್ನೊಂದು ಕಥೆ. 2018ರ ಆಗಸ್ಟ್‌ನಲ್ಲಿ ಸ್ಪೇನಿನ ಕೋಟಿಫ್ ಕಪ್‌ನಲ್ಲಿ ಭಾರತದ 20ರ ಒಳಗಿನ ತಂಡ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಅದೂ ಒಬ್ಬನಿಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ ಉಳಿದ ಮೇಲೆ. ಎರಡನೆಯ ಗೋಲು ಅನ್ವರ್ ಅಲಿಯ ಫ್ರೀ ಕಿಕ್. ಆ ದಿನ ನಾವೆಲ್ಲ ಕುಣಿದದ್ದೇ ಕುಣಿದದ್ದು. ಎದುರಿನ ಕೋಚ್ ಯಾರು ಗೊತ್ತಾ? ಲಿಯೊನೆಲ್ ಸ್ಕಲೋನಿ. 2022ರಲ್ಲಿ ಮೆಸ್ಸಿಯ ತಂಡ ವಿಶ್ವಕಪ್ ಗೆದ್ದಾಗ ಅಳುತ್ತಿದ್ದರಲ್ಲ, ಆ ಕೋಚ್ ಅವರೇ. ನಮಗೆ ಸೋತ ಮೇಲೂ ಅವರು ಆ ಕೋಟಿಫ್ ಕಪ್ಪನ್ನೂ ಗೆದ್ದುಕೊಂಡು ಹೋದರು. ನಾವು ಗುಂಪಿನ ಹಂತದಲ್ಲೇ ಮನೆಗೆ ಬಂದೆವು, ವಿಡಿಯೋ ಮಾತ್ರ ಇವತ್ತಿಗೂ ಹಂಚಿಕೊಳ್ಳುತ್ತೇವೆ.

2017ರ ಹುಡುಗರು ಎಲ್ಲಿ ಹೋದರು ಅಂದರೆ, ಕೆಲವರು ಚೆನ್ನಾಗಿ ಬೆಳೆದರು. ಜೀಕ್ಸನ್, ಸುರೇಶ್ ಸಿಂಗ್, ಅನ್ವರ್ ದೊಡ್ಡವರ ತಂಡದಲ್ಲಿ ಆಡಿದರು. ಅನ್ವರನಿಗೆ ನಡುವೆ ಹೃದಯದ ತೊಂದರೆ ಕಂಡು ಆಟವೇ ನಿಂತು, ಮತ್ತೆ ಬಂದ. ಅದೇ ಒಂದು ಬರಹಕ್ಕಾಗುವಷ್ಟಿದೆ. ಆ ತಂಡ ಚದುರಿಹೋಗದಂತೆ ದೇಶದ ಫುಟ್‌ಬಾಲ್ ಫೆಡರೇಷನ್ ಹಳೆಯ 'ಇಂಡಿಯನ್ ಆ್ಯರೋಸ್' ತಂಡಕ್ಕೆ ಮತ್ತೆ ಜೀವ ಕೊಟ್ಟು, ದೊಡ್ಡವರ ಕ್ಲಬ್ಬುಗಳು ಆಡುವ ಐ-ಲೀಗ್‌ನಲ್ಲಿ ಆಡಿಸಿತು. ಹದಿನೆಂಟರ ಹುಡುಗರು ವಾರ ವಾರ ದೊಡ್ಡವರ ಜೊತೆ ಆಡಿ, ಸೋತು, ಕಲಿತರು. ನನ್ನ ಮಟ್ಟಿಗೆ ಆ ವಿಶ್ವಕಪ್‌ನಿಂದ ಬಂದ ಒಳ್ಳೆಯ ಕೆಲಸ ಅಂದರೆ ಅದೇ. 2022ರಲ್ಲಿ ಅದನ್ನೂ ಮುಚ್ಚಿದರು. 2025ರ ಡಿಸೆಂಬರ್ ಬಂದರೂ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ ಸೀಸನ್ನೇ ಶುರುವಾಗಿರಲಿಲ್ಲ. ಇರಾನನ್ನು ಸೋಲಿಸಿದ ಹುಡುಗ ಹದಿನೆಂಟು ತುಂಬಿದ ಮೇಲೆ ಎಲ್ಲಿ ಆಡಬೇಕು?

ಇದೆಲ್ಲ ದೆಹಲಿಯವರ ತಪ್ಪು ಅಂತ ಬರೆದು ಲೈಕ್ ತೆಗೆದುಕೊಳ್ಳಬಹುದು. ಆದರೆ ಕಾಯಿಲೆ ಶುರುವಾಗುವುದು ನಮ್ಮ ಅಂಗಳದಲ್ಲೇ.

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಆ ಜೀಕ್ಸನ್ ಗೋಲು ಅವನ ತಲೆ ಹೊಕ್ಕಿತು. ಹಿತ್ತಲಿನ ಚಕ್ಕೋತ ಹಣ್ಣು ಉಳಿಯದ ಹಾಗೆ ಒದ್ದ. ಅಕ್ಕ ಬೈದು ಬೈದು ಕೊನೆಗೆ ನನ್ನ ಹತ್ತಿರ ಒಂದು ಚೆಂಡು ತರಿಸಿದಳು. ಅಲ್ಲಿ ಮೈದಾನ ಅಂದರೆ ಶಾಲೆಯ ಮುಂದಿನ ಇಳಿಜಾರು. ಒಂದು ಕಡೆ ಧರೆ, ಇನ್ನೊಂದು ಕಡೆ ತೋಟ. ಜೋರಾಗಿ ಒದ್ದರೆ ಚೆಂಡು ತೋಟದ ಕಪ್ಪಿನಲ್ಲಿ, ಅಂದರೆ ನೀರು ಹೋಗುವ ಕಾಲುವೆಯಲ್ಲಿ ಬೀಳುತ್ತದೆ, ಎತ್ತಲು ಹೋದವನ ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತದೆ. ಹಾಗಾಗಿ ಆ ಹುಡುಗರಿಗೆ ಚೆಂಡನ್ನು ಕಾಲಿನ ಹತ್ತಿರವೇ ಇಟ್ಟುಕೊಂಡು ಆಡುವುದು ತಾನಾಗಿ ಬಂತು. ಸುಮ್ನೆ ಹೊಗಳುತ್ತಿಲ್ಲ, ಅವನು ಇಬ್ಬರನ್ನು ದಾಟಿ ಹೋಗುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

2019ರಲ್ಲಿ, ಹದಿಮೂರಕ್ಕೆ, ಒಂದು ಆಯ್ಕೆಗೆ ಹೋದ. ಮಳೆಗಾಲ, ಮೈದಾನವೆಲ್ಲ ಕೆಸರು ಗದ್ದೆ. ಅವನ ಜೊತೆ ಹೋದವನು ನಾನೇ. ಆಯ್ಕೆ ಮಾಡುವವರು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಚೆಂಡು ಕೊಡುವ ಮೊದಲೇ ಅರ್ಧ ಆಯ್ಕೆ ಮುಗಿದಿತ್ತು. ಮೀಸೆ ಚಿಗುರಿದವರೆಲ್ಲ ಒಂದು ಕಡೆ. ಇವನಿಗೆ ಹತ್ತು ನಿಮಿಷ ಆಡಲು ಕೊಟ್ಟು, ನನ್ನ ಹತ್ತಿರ ಬಂದು ಹೇಳಿದರು: "ಆಟ ಇದೆ. ಆದ್ರೆ ಹುಡುಗ ಸಣ್ಣ ಆಯ್ತು. ಬರೋ ವರ್ಷ ನೋಡಣ." ಬರುವ ವರ್ಷ ಅಂದರೆ 2020. ಆ ವರ್ಷ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಅವರ ಮೇಲೆ ಆಗ ತುಂಬ ಸಿಟ್ಟು ಬಂದಿತ್ತು. ಈಗ ಇಲ್ಲ. ಅವರ ಕಷ್ಟ ನೋಡಿ: ಮ್ಯಾಚ್ ನಾಡಿದ್ದು. ಸೋತರೆ ಅಲ್ಲಿಗೆ ಮುಗಿಯಿತು, ಇನ್ನು ಮುಂದಿನ ವರ್ಷವೇ. ನಾಡಿದ್ದು ಗೆಲ್ಲಬೇಕಾದವನು ಇವತ್ತು ಗಟ್ಟಿ ಇರುವ ಹುಡುಗನನ್ನು ತೆಗೆದುಕೊಳ್ಳದೆ ಇನ್ನೇನು ಮಾಡುತ್ತಾನೆ? ವರ್ಷಕ್ಕೆ ಒಂದೋ ಎರಡೋ ಮ್ಯಾಚ್ ಆಡಿಸಿದರೆ ಹೀಗೇ ಆಗುವುದು.

ಇಲ್ಲಿ ನನ್ನ ಜೆರಾಕ್ಸ್ ಅಂಗಡಿ ಬರುತ್ತದೆ. ಫಿಫಾ ಲೆಕ್ಕದಲ್ಲಿ ವಯಸ್ಸು ಶುರುವಾಗುವುದು ಜನವರಿ 1ಕ್ಕೆ. 2017ರ ವಿಶ್ವಕಪ್‌ಗೆ 2000ದ ಜನವರಿ 1ರಂದು ಹುಟ್ಟಿದವನು ಆಡಬಹುದಿತ್ತು, ಒಂದು ದಿನ ಮೊದಲು ಹುಟ್ಟಿದವನಿಗೆ ಆಗುತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನು ಜನವರಿಯವನ ಜೊತೆಗೇ ನಿಲ್ಲಬೇಕು. ಹದಿಮೂರನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ನಾಲ್ಕು ಬೆರಳು ಎತ್ತರ. ಹೀಗಾಗಿ ಹಿರಿಯ ತಿಂಗಳ ಮಕ್ಕಳೇ ಜಾಸ್ತಿ ಆಯ್ಕೆ ಆಗುತ್ತಾರೆ ಅಂತ ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ ಫುಟ್‌ಬಾಲಿನಲ್ಲೂ ಅದೇ ಕಂಡಿತು. ನಾನು ನೋಡುವ ಕಾಗದಗಳಲ್ಲೂ ವರ್ಷದ ಕೊನೆಯ ತಿಂಗಳುಗಳು ಕಮ್ಮಿ.

ಇದರ ಜೊತೆಗೆ ನಮ್ಮದೇ ಒಂದು ವಿಶೇಷ ಇದೆಯಲ್ಲ, ಜೂನ್ 1. ನಮ್ಮಪ್ಪ, ದೊಡ್ಡಪ್ಪ, ಅವರ ಸ್ನೇಹಿತರು, ಎಲ್ಲ ಜೂನ್ 1ರಂದೇ ಹುಟ್ಟಿದವರು! ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರಿಸಿಕೊಂಡು, ಮೇಷ್ಟ್ರೇ ಒಂದು ತಾರೀಕು ಬರೆಯುತ್ತಿದ್ದ ಕಾಲ. ಅದು ಮುಗ್ಧ ಸುಳ್ಳು. ಈಗಿನದು ಮುಗ್ಧವಲ್ಲ. ಕೆಲವು ಸಲ ತಿದ್ದಿದ ಕಾಗದ ನನ್ನ ಗಾಜಿನ ಮೇಲೂ ಬರುತ್ತದೆ. ವಾಪಸ್ ಕೊಟ್ಟು ಕಳಿಸುತ್ತೇನೆ. ಪಕ್ಕದ ಅಂಗಡಿಯಲ್ಲಿ ಮಾಡಿಸಿಕೊಳ್ಳುತ್ತಾರೆ ಅಂತ ಗೊತ್ತು.

ಕಾಗದ ಹೀಗಿದೆ ಅಂತಲೇ ಫಿಫಾ 2009ರ ಹುಡುಗರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಶುರು ಮಾಡಿತು. ಬೆಳೆಯುವ ಮೂಳೆಯ ತುದಿಯಲ್ಲಿ ಮೃದ್ವಸ್ಥಿ ಇರುತ್ತದೆ. ಬೆಳವಣಿಗೆ ಮುಗಿದಂತೆ ಅದು ಮೂಳೆಯ ಜೊತೆ ಬೆಸೆದುಕೊಳ್ಳುತ್ತದೆ. ಪೂರ್ತಿ ಬೆಸೆದಿದ್ದರೆ ಹುಡುಗ ಹದಿನೇಳು ದಾಟಿರುವುದು ಬಹುತೇಕ ಖಚಿತ. ದೊಡ್ಡವನು ಸಣ್ಣವನ ವೇಷ ಹಾಕುವುದನ್ನು ಇದು ಹಿಡಿಯುತ್ತದೆ. ಆದರೆ ಸಣ್ಣವನು ಸಣ್ಣವನಾಗಿ ಇದ್ದದ್ದಕ್ಕೇ ಹೊರಗೆ ಹೋಗುವುದನ್ನು ಯಾವ ಯಂತ್ರ ಹಿಡಿಯಬೇಕು?

ಬೆಲ್ಜಿಯಂನವರು ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. ನಿಧಾನ ಬೆಳೆಯುವ ಹುಡುಗರಿಗಾಗಿಯೇ 'ಫ್ಯೂಚರ್ಸ್' ಅಂತ ಇನ್ನೊಂದು ರಾಷ್ಟ್ರೀಯ ಕಿರಿಯರ ತಂಡ. ಎಷ್ಟು ಸರಳ ಅಲ್ವಾ? ಕಾಯುವ ಹುಡುಗರಿಗೂ ಒಂದು ಜೆರ್ಸಿ. ಬೆಲ್ಜಿಯಂ ಪೂರ್ತಿ ಸೇರಿಸಿದರೂ ನಮ್ಮ ಕರ್ನಾಟಕದ ಆರನೇ ಒಂದು ಭಾಗದಷ್ಟು ದೊಡ್ಡದಾಗುತ್ತದೆಯೇನೋ, ಅಷ್ಟೇ.

ಇಲ್ಲಿ ಯಾರಾದರೂ ಕಾಮೆಂಟ್ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ. ಜೀಕ್ಸನ್ ಸಣ್ಣ ಹುಡುಗ ಅಲ್ಲ, ಉದ್ದ ಇದ್ದಾನೆ. ಆ ಗೋಲು ಬಂದದ್ದೂ ಎತ್ತರದಿಂದಲೇ. ಒಪ್ಪಿದೆ. ಆದರೆ ಅವನು ಹುಟ್ಟಿದ್ದು 2001ರ ಜೂನ್ 21ಕ್ಕೆ, ಅಂದರೆ ಮಿತಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವನು. (ಜೂನ್ 1 ಅಲ್ಲ, ಗಮನಿಸಿ.) ಅವನ ಊರು ಮಣಿಪುರದ ತೌಬಾಲ್ ಜಿಲ್ಲೆ. ನಾಯಕ ಅಮರ್ಜಿತ್ ಕೂಡ ಅಲ್ಲಿಯವನೇ, ಇಬ್ಬರೂ ಸಂಬಂಧಿಕರು. 21 ಜನರ ತಂಡದಲ್ಲಿ 8 ಮಂದಿ ಮಣಿಪುರದವರು. ಬೆಟ್ಟ, ಮಳೆ, ಕೆಸರು ನಮಗೂ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಕ್ರಿಕೆಟ್ ಆಡಲು ಆಗದ ನಾಲ್ಕು ತಿಂಗಳು ದೇವರೇ ಕೊಟ್ಟಿದ್ದಾನೆ. ನಾವು ಆ ನಾಲ್ಕು ತಿಂಗಳು ಹುಡುಗರನ್ನು ಮನೆಯೊಳಗೆ ಕೂರಿಸಿ ಮೊಬೈಲ್ ಕೊಡುತ್ತೇವೆ.

ಹುಡುಗಿಯರ ವಿಷಯ ಬಿಟ್ಟರೆ ಅನ್ಯಾಯ ಆಗುತ್ತದೆ. 2022ರಲ್ಲಿ 17ರ ಒಳಗಿನ ಹುಡುಗಿಯರ ವಿಶ್ವಕಪ್ ಇಲ್ಲೇ ನಡೆಯಿತು. ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಷನ್ನನ್ನು ಹನ್ನೊಂದು ದಿನ ಅಮಾನತು ಮಾಡಿ, ಆ ವಿಶ್ವಕಪ್ಪೇ ಕೈತಪ್ಪುವುದರಲ್ಲಿತ್ತು. ಅಮೆರಿಕದ ಮುಂದೆ 0-8, ಮೊರಾಕೊ ಮುಂದೆ 0-3, ಬ್ರೆಜಿಲ್ ಮುಂದೆ 0-5. ಇದೇ ಫೇಸ್‌ಬುಕ್‌ನಲ್ಲಿ ಎಂಥೆಂಥ ಜೋಕುಗಳು! ನಾಯಕಿ ಅಷ್ಟಮ್ ಒರಾವ್ ಜಾರ್ಖಂಡಿನ ಗುಮ್ಲಾದವಳು. ಮಗಳು ನಾಯಕಿ ಆದ ಮೇಲೆ ಊರಿಗೆ ರಸ್ತೆ ಬಂತು, ಆ ರಸ್ತೆಗೆ ಅವಳ ಅಪ್ಪ ಅಮ್ಮನೇ ಕೂಲಿಗೆ ಹೋದರು. 0-8 ಅಂತ ನಕ್ಕವರಿಗೆ ಅದು ಕಾಣಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ತಾಲೂಕುಗಳಲ್ಲಿ ಒಂದು ಸೋಲಿಗೆ ಮನೆಗೆ ಕಳಿಸುವ ಪದ್ಧತಿ ಬಿಟ್ಟು, ಹತ್ತಿರದ ಐದಾರು ಶಾಲೆಗಳು ಮಳೆಗಾಲದ ಶನಿವಾರಗಳಲ್ಲಿ ಒಬ್ಬರಿಗೊಬ್ಬರು ಆಡಲಿ. ಏಳೇಳು ಜನ ಸಾಕು, ಗದ್ದೆ ಅಗಲದ ಜಾಗ ಸಾಕು. ಇವತ್ತು ಸೋತರೆ ಮುಂದಿನ ಶನಿವಾರ ಇದೆ ಅಂತ ಗೊತ್ತಾದರೆ, ಮೇಷ್ಟ್ರಿಗೂ ಸಣ್ಣವನನ್ನು ಇಳಿಸಲು ಧೈರ್ಯ ಬರುತ್ತದೆ. ಚೆಂಡಿನ ಖರ್ಚು ನನಗಿರಲಿ, ಒಂದೆರಡು ಶಾಲೆಗಾದರೂ ಕೊಡುತ್ತೇನೆ. ತಮಾಷೆಗೆ ಹೇಳುತ್ತಿಲ್ಲ, ಇನ್‌ಬಾಕ್ಸ್‌ಗೆ ಬನ್ನಿ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಮತ್ತೆ ಕೊಯ್ಲು. ಅಳಿಯನಿಗೆ ಈಗ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಿದ್ದಾನೆ. ಹದಿನಾರಕ್ಕೆ ಒಮ್ಮೆಲೇ ಬೆಳೆಯಲು ಶುರು ಮಾಡಿ, ಈಗ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ತೋಟದಲ್ಲಿ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಗೊನೆ ಇಳಿಸುತ್ತಿದ್ದ. ಇರಾನ್ ಮ್ಯಾಚ್ ನೋಡಿದೆಯಾ ಅಂದೆ. ಮೊಬೈಲಿನಲ್ಲಿ ಗೋಲು ಮಾತ್ರ ನೋಡಿದನಂತೆ.

"ಮಾವ, ಏಷ್ಯಾ ಕಪ್ ಯಾವಾಗ?"

"ಮೇ ತಿಂಗಳು. ಸೌದಿಯಲ್ಲಿ."

"ಟಿವಿಯಲ್ಲಿ ಬರುತ್ತಾ?"

ನಾನು ಉತ್ತರ ಕೊಡುವ ಮೊದಲೇ ಗೊನೆ ಕಟ್ಟುತ್ತಿದ್ದ ಅಕ್ಕ ಅಂದಳು, "ಬಂದ್ರೂ ಎಂತ ಮಾಡ್ತಿ? ಮೇ ತಿಂಗಳ ಗುಡುಗಿಗೆ ಇಲ್ಲಿ ಕರೆಂಟ್ ಇದ್ರೆ ತಾನೆ."