60 ವರ್ಷ ತಿರುಗಿ ಮತ್ತದೇ ಲೀಸು

1965ರ ಜುಲೈ. ಮಾರಿಷಸ್ ಇನ್ನೂ ಬ್ರಿಟಿಷರ ವಸಾಹತು. ಅಮೆರಿಕದ ಸೇನಾ ನೆಲೆಗೆ ಬೇಕು, ಹಿಂದೂ ಮಹಾಸಾಗರದಲ್ಲಿರುವ ನಿಮ್ಮ ಚಾಗೋಸ್ ದ್ವೀಪಗಳನ್ನು ನಮಗೆ ಬಿಟ್ಟುಕೊಡಿ ಎಂದು ಲಂಡನ್ ಕೇಳಿತು. ಬಿಟ್ಟುಕೊಡೋದು ಆಗಲ್ಲ, ಬೇಕಿದ್ದರೆ 99 ವರ್ಷ ಲೀಸಿಗೆ ತಗೊಳ್ಳಿ ಎಂದರು ಅಲ್ಲಿನ ಮಂತ್ರಿಗಳು.

ಲೀಸಾ? ಛೆ! ದೊರೆಗಳಿಗೆ ಕ್ರಯವೇ ಆಗಬೇಕಿತ್ತು.

ಸೆಪ್ಟೆಂಬರ್ 23ರಂದು ಮಾರಿಷಸ್‌ನ ನಾಯಕ ಶಿವಸಾಗರ್ ರಾಮ್‌ಗುಲಾಮ್ ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರನ್ನು ಕಾಣಲು ಹೋದರು. ಅಷ್ಟರಲ್ಲಿ ವಿಲ್ಸನ್ ಕೈಗೆ ಒಂದು ಟಿಪ್ಪಣಿ ಸೇರಿತ್ತು. ಈ ಮನುಷ್ಯನಿಗೆ ಆಸೆ ತೋರಿಸಿಯೇ ಹೆದರಿಸಬೇಕು ಅಂತ. ಸ್ವಾತಂತ್ರ್ಯ ಸಿಗಬಹುದು ಅನ್ನೋದು ಆಸೆ. ದ್ವೀಪ ಬಿಡದಿದ್ದರೆ ಸಿಗಲಿಕ್ಕಿಲ್ಲ ಅನ್ನೋದು ಹೆದರಿಕೆ. ನಮ್ಮ ಸೈಟ್ ಬ್ರೋಕರ್‌ಗಳೂ ಇದನ್ನು ಮಾಡುತ್ತಾರೆ, ಅಲ್ವಾ? ಆದರೆ ಪಾಪ, ಬರೆದು ಫೈಲಿಗೆ ಹಾಕಿ ಇಡೋದಿಲ್ಲ.

ವ್ಯಾಪಾರ 30 ಲಕ್ಷ ಪೌಂಡಿಗೆ ಕುದುರಿತು. ಬ್ರಿಟನ್ನಿನ ಖರ್ಚು ಹಗುರಾಗಲಿ ಅಂತ ಅಮೆರಿಕ ತಾನು ಬ್ರಿಟನ್ನಿಗೆ ಮಾರುತ್ತಿದ್ದ ಪೊಲಾರಿಸ್ ಕ್ಷಿಪಣಿಯ ಬಿಲ್ಲಿನಲ್ಲಿ 1.4 ಕೋಟಿ ಡಾಲರ್‌ವರೆಗೆ ಸುಮ್ನೆ ಬಿಟ್ಟುಕೊಟ್ಟಿತು, ತನ್ನ ಸಂಸತ್ತಿಗೂ ಹೇಳದೆ. ಬದಲಿಗೆ 50 ವರ್ಷ ಜಾಗ ಅಮೆರಿಕಕ್ಕೆ. ಬಾಡಿಗೆ ಸೊನ್ನೆ.

ಜಾಗ ಖಾಲಿ ಇರಬೇಕಲ್ಲ? 1973ರ ಹೊತ್ತಿಗೆ ದ್ವೀಪದ ಜನರನ್ನೆಲ್ಲ ಹಡಗು ಹತ್ತಿಸಿ ಆಯಿತು. ಅವರ ನಾಯಿಗಳನ್ನು ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ ಕೂಡಿ, ವಾಹನಗಳ ಹೊಗೆ ಬಿಟ್ಟು ಕೊಂದರು.

ಈಗ 2025ಕ್ಕೆ ಬನ್ನಿ. ಮೇ 22ರಂದು ಅದೇ ಲಂಡನ್ ಮಾರಿಷಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ದ್ವೀಪಗಳು ನಿಮ್ಮವೇ ಸ್ವಾಮಿ, ಸೇನಾ ನೆಲೆ ಇರುವ ಡಿಯಾಗೊ ಗಾರ್ಸಿಯಾ ದ್ವೀಪ ಒಂದನ್ನು ಲೀಸಿಗೆ ಕೊಡಿ. ಎಷ್ಟು ವರ್ಷಕ್ಕೆ? 99!

ಬಾಡಿಗೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. 99ರಿಂದ ಗುಣಿಸಿ ನೋಡಿ: 999.9 ಕೋಟಿ. ಥೇಟ್ ಬಾಟಾ ಚಪ್ಪಲಿ ರೇಟು! ಇಂದಿನ ಬೆಲೆಗೆ ಇಳಿಸಿದರೆ 340 ಕೋಟಿಯಷ್ಟೇ ಎನ್ನುತ್ತದೆ ಸರ್ಕಾರ. ಅಲ್ಲ, 3,500 ಕೋಟಿ ಎನ್ನುತ್ತದೆ ವಿರೋಧ ಪಕ್ಷ. ಇಬ್ಬರೂ ಒಂದೇ ಕಾಗದ ಓದಿಕೊಂಡೇ ಹೇಳುತ್ತಿರೋದು. ಇವರಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಯಾರೋ!

ಅಂದು ಹಡಗು ಹತ್ತಿದವರು ಇನ್ನು ಬೇರೆ ದ್ವೀಪಗಳಿಗೆ ಹೋಗಿ ಮನೆ ಕಟ್ಟಬಹುದಂತೆ. ಡಿಯಾಗೊ ಗಾರ್ಸಿಯಾದಲ್ಲಿ ಮಾತ್ರ ಬೇಡವಂತೆ. ಮಾತುಕತೆಗೆ ಅವರನ್ನು ಆಗಲೂ ಕೂರಿಸಲಿಲ್ಲ, ಈಗಲೂ ಕೂರಿಸಲಿಲ್ಲ.